ಸುರಂಗ, ಪಣೆ, ಸಮುದ್ರ: ಒಂದೇ ದಿನದಲ್ಲಿ ಮಾವನವರನ್ನೂ ಕರೆದೊಯ್ಯಬಹುದೇ?

ಪ್ರಶ್ನೆ: ನಾವು ಮೂರ್ನಾಡಿನವರು. ದಸರಾ ರಜೆಯಲ್ಲಿ ಒಂದು ದಿನದ ಮಟ್ಟಿಗೆ ಕಾಸರಗೋಡಿನ ಕಡೆ ಹೋಗಿಬರುವ ಯೋಚನೆಯಿದೆ. ಬದಿಯಡ್ಕದ ಹತ್ತಿರ ನಮ್ಮ ಯಜಮಾನರ ಸ್ನೇಹಿತರ ಅಡಿಕೆ ತೋಟವಿದೆ. ಅಲ್ಲಿ ಅವರ ಅಜ್ಜನ ಕಾಲದ ನೀರಿನ ಸುರಂಗವಿದೆಯಂತೆ, ಪಕ್ಕದಲ್ಲೇ ಕೆಂಪುಕಲ್ಲು ಕಡಿಯುವ ಪಣೆಯೂ (ಕಲ್ಲಿನ ಕ್ವಾರಿ) ಇದೆಯಂತೆ. ಎಂಟನೇ ತರಗತಿಯ ಮಗನಿಗೆ ಎರಡನ್ನೂ ನೋಡುವ ಆಸೆ. ಆಮೇಲೆ ಬೇಕಲ ಕೋಟೆ, ಸಮುದ್ರ. ಮಾವನವರಿಗೆ 71 ವರ್ಷ, ಉಬ್ಬಸಕ್ಕೆ ಇನ್ಹೇಲರ್ ಬಳಸುತ್ತಾರೆ. ಅವರೂ ಸುರಂಗದೊಳಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾರೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮಳೆ ನೋಡಿದ ಮೇಲೆ ಅತ್ತೆಯವರಿಗೆ ಮಣ್ಣಿನಡಿ ಹೋಗುವುದೆಂದರೇ ಭಯ. ಒಳಗೆ ವಿಷಗಾಳಿ ಇರುತ್ತದೆ ಎನ್ನುತ್ತಾರೆ ಒಬ್ಬರು. ದೀಪ ಹಿಡಿದು ಹೋದರೆ ಸಾಕು, ಅದು ಆರದಿದ್ದರೆ ಏನೂ ಆಗುವುದಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಕೆಂಪುಕಲ್ಲು ಗಾಳಿ ತಾಗಿದಷ್ಟೂ ಗಟ್ಟಿಯಾಗುತ್ತದೆ, ಕುಸಿಯುವುದೇ ಇಲ್ಲ ಎನ್ನುವುದು ಆ ಸ್ನೇಹಿತರ ಮಾತು. ಬಾವಲಿಯಿಂದ ನಿಪಾ ಬರಬಹುದೆಂಬ ಮಾತೂ ಇದೆ. ಯಾವುದನ್ನು ನಂಬೋಣ? ಚೆನ್ನಾಗಿದ್ದರೆ ನಮ್ಮ ಕಾಫಿ ತೋಟದಲ್ಲೂ ಒಂದು ಸುರಂಗ ತೋಡಿಸಬಹುದೇ ಎಂದು ಯಜಮಾನರು ಕೇಳುತ್ತಿದ್ದಾರೆ.

ಉತ್ತರ: ಖಂಡಿತ ಹೋಗಿಬನ್ನಿ, ಆದರೆ ಅಕ್ಟೋಬರಿನಲ್ಲಿ ಬೇಡ. ಜನವರಿಗೆ ಮುಂದೂಡಿ. ಮಾವನವರು ಸುರಂಗದ ಬಾಯಿಯವರೆಗೆ ಬರಲಿ, ಒಳಗೆ ಬೇಡ. ಮಗ ಒಳಗೆ ಹೋಗಬಹುದು, ಅದಕ್ಕೆ ಕೆಲವು ಷರತ್ತುಗಳಿವೆ. ನಿಮ್ಮ ಪತ್ರದಲ್ಲಿ ಎಲ್ಲರೂ ಹೆದರಿರುವುದು ಸುರಂಗಕ್ಕೆ, ಪಣೆಯ ಬಗ್ಗೆ ಯಾರೂ ಒಂದು ಮಾತೂ ಆಡಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ಆ ಪಣೆಯದ್ದೇ.

ಮೊದಲು ಆ ನೆಲ ಎಂಥದ್ದು ನೋಡೋಣ. ಮಳೆ ಮತ್ತು ಬಿಸಿಲು ಸರದಿಯಲ್ಲಿ ಬಡಿಯುವ ಕರಾವಳಿಯಲ್ಲಿ ಬಂಡೆ ಲಕ್ಷಾಂತರ ವರ್ಷ ಶಿಥಿಲವಾಗುತ್ತಾ ಬಂದು, ಅದರೊಳಗಿನ ಸಿಲಿಕ, ಸುಣ್ಣ, ಪೊಟ್ಯಾಶ್ ನೀರಿನಲ್ಲಿ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದುಕೊಳ್ಳುತ್ತವೆ. ಅದೇ ಮುರಕಲ್ಲು, ಅಂದರೆ ಕೆಂಪುಕಲ್ಲು. ಗುಡ್ಡದ ಮೇಲ್ಭಾಗದಲ್ಲಿ ಗಟ್ಟಿ ಪದರ. ಅದರ ಕೆಳಗೆ ಕೊಡಲಿಗೆ ಸಿಗುವಷ್ಟು ಮೆದುವಾದ ಕೆಂಪುಕಲ್ಲು. ಇನ್ನೂ ಕೆಳಗೆ ಹೋದರೆ ಬಿಳಿ, ಹಳದಿ, ನಸುಗುಲಾಬಿ ಬಣ್ಣದ ನುಣುಪು ಮಣ್ಣು. ದಕ್ಷಿಣ ಕನ್ನಡದವರು ಶೇಡಿ ಮಣ್ಣು ಎನ್ನುವುದು ಇದಕ್ಕೆ. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಹಿಡಿತ ಕಳೆದುಕೊಂಡು ಜಾರುತ್ತದೆ. ಅದರಡಿಯಲ್ಲಿ ಬಂಡೆ. ಮಳೆನೀರು ರಂಧ್ರ ತುಂಬಿದ ಕೆಂಪುಕಲ್ಲಿನಲ್ಲಿ ಸರಾಗವಾಗಿ ಇಳಿದು ಶೇಡಿಯ ಮೇಲೆ ಬಂದು ತಡೆಯುತ್ತದೆ. ಸುರಂಗ ತೋಡುವವರು ಹುಡುಕುವುದು ಈ ತಡೆದ ನೀರನ್ನೇ. ಅಂದರೆ ಒಳ್ಳೆಯ ನೀರು ಸಿಗುವ ಜಾಗವೂ ಮಣ್ಣು ದುರ್ಬಲವಾಗುವ ಜಾಗವೂ ಬಹಳ ಸಲ ಒಂದೇ.

ಸುರಂಗ ಅಂದರೆ ಗುಡ್ಡದ ಬದಿಯಿಂದ ಅಡ್ಡಲಾಗಿ ಒಳಕ್ಕೆ ಕೊರೆದ ದಾರಿ. ಅಗಲ ಎರಡರಿಂದ ಎರಡೂವರೆ ಅಡಿ, ಎತ್ತರ ಒಬ್ಬ ಮನುಷ್ಯ ಸ್ವಲ್ಪ ತಲೆ ತಗ್ಗಿಸಿ ನಿಲ್ಲುವಷ್ಟು. ಕೆಲವು ಹತ್ತಾರು ಅಡಿಗೇ ಮುಗಿಯುತ್ತವೆ, ಕೆಲವು ಇನ್ನೂರು ಮುನ್ನೂರು ಮೀಟರ್ ಸಾಗುತ್ತವೆ. ನೆಲ ಬಾಯಿಯ ಕಡೆಗೆ ತುಸು ಇಳಿಜಾರಾಗಿರುತ್ತದೆ. ಪಂಪಿಲ್ಲದೆ ನೀರು ತಾನಾಗಿ ಹೊರಗೆ ಹರಿದು ತೊಟ್ಟಿ ತುಂಬುತ್ತದೆ. ಹಿಂದೆ ಅದನ್ನು ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ಹಾಯಿಸುತ್ತಿದ್ದರು, ಈಗ ಪೈಪು. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡದಲ್ಲಿ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಪಡೆದರು. ನಿಮ್ಮ ಮಗ ಈ ಸಂಗತಿ ತಿಳಿದುಕೊಂಡು ಹೋದರೆ, ಪಿಕ್ಕಾಸಿನ ಗುರುತು ಉಳಿದಿರುವ ಆ ಗೋಡೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ.

ಇನ್ನು ಕುಸಿತದ ಮಾತು. ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆಗಷ್ಟೇ ಕಡಿದ ಕೆಂಪುಕಲ್ಲು ಬಿಸಿಲು ಗಾಳಿಗೆ ಒಣಗಿದಾಗ ಅದರೊಳಗಿನ ಕಬ್ಬಿಣದ ಅಂಶ ನೀರು ಬಿಟ್ಟು ಹರಳುಗಟ್ಟಿ ಕಲ್ಲು ಗಡುಸಾಗುತ್ತದೆ. ಮನೆಯ ಗೋಡೆಗೆ, ಕೋಟೆಯ ಗೋಡೆಗೆ ಇದು ಸರಿ. ಆದರೆ ಗಟ್ಟಿಯಾಗಲು ಬೇಕಾದದ್ದು ಒಣಗುವಿಕೆ. ನೀರು ಜಿನುಗುವ ಸುರಂಗದ ಒಳಗೋಡೆ ವರ್ಷವಿಡೀ ತೇವವಾಗಿಯೇ ಇರುತ್ತದೆ. ಬಾಯಿಯ ಹತ್ತಿರದ ಕೆಲವು ಅಡಿ ಗಟ್ಟಿಯಾಗಿರಬಹುದು, ಆಳದಲ್ಲಿ ಆ ಭರವಸೆ ಇಲ್ಲ. ಶೇಡಿ ಮಣ್ಣಂತೂ ಹಾಗೆ ಗಟ್ಟಿಯಾಗುವ ಜಾತಿಯದ್ದೇ ಅಲ್ಲ. ತಲೆಮಾರುಗಳಿಂದ ನಿಂತಿರುವ ಸುರಂಗಗಳು ಬಹಳ ಇವೆ, ಅದು ಸುಳ್ಳಲ್ಲ. ಅವು ನಿಂತಿರುವುದು ತೋಡಿದವರು ಛಾವಣಿಯನ್ನು ಕಮಾನಿನಂತೆ ಬಾಗಿಸಿ, ಅಗಲವನ್ನು ಎರಡಡಿಗೆ ಮಿತಿಗೊಳಿಸಿ, ಗಟ್ಟಿ ಪದರವನ್ನು ಮೇಲಿಟ್ಟುಕೊಂಡು ಸಾಗಿದ್ದರಿಂದ. ಕಲ್ಲಿನ ಗುಣದಷ್ಟೇ ಪಾಲು ಆ ಕೈಗಳದ್ದೂ ಇದೆ.

ಆದ್ದರಿಂದಲೇ ಅಕ್ಟೋಬರ್ ಬೇಡ ಎಂದದ್ದು. ನಾಲ್ಕು ತಿಂಗಳ ಮಳೆಯಲ್ಲಿ ನೆನೆದ ಗುಡ್ಡ ಆಗಿನ್ನೂ ಬಸಿದಿರುವುದಿಲ್ಲ. ಅದರ ಮೇಲೆ ಹಿಂಗಾರಿನ ಗುಡುಗು ಮಳೆ, ಅದೂ ಹೆಚ್ಚಾಗಿ ಮಧ್ಯಾಹ್ನದ ನಂತರ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಗುಡ್ಡ ಬಸಿದಿರುತ್ತದೆ, ಸುರಂಗದಲ್ಲಿ ನೀರೂ ಇರುತ್ತದೆ. ನಿಮಗೆ ಹುತ್ತರಿ ಮುಗಿದು, ಅರೇಬಿಕಾ ಕೊಯ್ಲು ಮುಗಿಯುತ್ತಾ ರೊಬಸ್ಟಾ ಬಿರುಸಾಗುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಳ್ಳಲು ಸಾಧ್ಯವಾದೀತು. ಒಣ ತಿಂಗಳಲ್ಲೂ ಹಿಂದಿನ ಎರಡು ದಿನ ಜೋರು ಮಳೆ ಬಿದ್ದಿದ್ದರೆ ಸುರಂಗವನ್ನು ಹೊರಗಿನಿಂದಷ್ಟೇ ನೋಡಿ ಬನ್ನಿ.

ಒಳಗೆ ಹೆಜ್ಜೆ ಇಡುವ ಮೊದಲು ಬಾಯಲ್ಲೇ ಐದು ನಿಮಿಷ ನಿಂತು ನೋಡಿ. ಹೊರಬರುವ ನೀರು ತಿಳಿಯಾಗಿರಬೇಕು. ಕದಡಿದ್ದರೆ ಒಳಗೆಲ್ಲೋ ಮಣ್ಣು ಕರಗುತ್ತಿದೆ ಎಂದರ್ಥ. ನಿನ್ನೆ ಮೊನ್ನೆಯವರೆಗೆ ಹರಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ನಿಂತಿದೆ ಎಂದು ಮನೆಯವರು ಹೇಳಿದರೆ ಅಲ್ಲಿಂದಲೇ ಹಿಂದಿರುಗಿ. ಒಳಗೆ ಮಣ್ಣು ಬಿದ್ದು ದಾರಿ ಕಟ್ಟಿ, ಅದರ ಹಿಂದೆ ನೀರು ಸೇರುತ್ತಿರಬಹುದು. ಅದು ಯಾವಾಗ ಒಡೆಯುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ನೆಲದ ಮೇಲೆ ಹೊಸದಾಗಿ ಬಿದ್ದ ಹೆಂಟೆಗಳು, ಛಾವಣಿಯಲ್ಲಿ ಬಿಳಿ ಹಳದಿ ಪಟ್ಟೆ, ಬಾಯಿಯ ಮೇಲಿನ ಬರೆಯಲ್ಲಿ (ಕಡಿದಾದ ಮಣ್ಣಿನ ಬದಿಯಲ್ಲಿ) ಬಿರುಕು, ವಾಲಿದ ಮರ, ಇವುಗಳಲ್ಲಿ ಒಂದು ಕಂಡರೂ ಒಳಗೆ ಹೋಗಬೇಡಿ. ಬರೆ ಜರಿಯುವ ಮುನ್ನ ಏನೇನು ಕಾಣುತ್ತದೆಂದು ಕೊಡಗಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅತ್ತೆಯವರ ಭಯಕ್ಕೆ ಆಧಾರವಿದೆ. ಅವರನ್ನೇ ಬಾಯಿಯ ಬಳಿ ನಿಲ್ಲಿಸಿ ನೋಡಲು ಹೇಳಿ, ಅವರ ಕಣ್ಣು ಚುರುಕಾಗಿರುತ್ತದೆ.

ಈಗ ವಿಷಗಾಳಿ. ಸುರಂಗದಲ್ಲಿ ಅದು ಹೆಚ್ಚಾಗಿ ಉಸಿರಾಟದಿಂದಲೇ ಕೆಟ್ಟ ಗಾಳಿ. ಬೇರುಗಳು, ಕೊಳೆಯುವ ಎಲೆ, ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಸೇರುತ್ತದೆ. ಇದು ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಬಾವಿಯಲ್ಲಿ ಅದಕ್ಕೆ ಹೊರಬರಲು ದಾರಿಯಿಲ್ಲ, ಹಳೆಯ ಬಾವಿಗಿಳಿದವರು ಸಾಯುವುದು ಹೀಗೆಯೇ. ಹೊರಕ್ಕೆ ಇಳಿಜಾರಾದ ಸುರಂಗದಿಂದ ಅದು ನೀರಿನ ಜೊತೆಗೇ ಸ್ವಲ್ಪಸ್ವಲ್ಪ ಹರಿದುಹೋಗುತ್ತದೆ. ಹಾಗಾಗಿ ಬಾಯಿ ತೆರೆದಿರುವ, ನೀರು ಹರಿಯುವ, ಇಪ್ಪತ್ತು ಮೂವತ್ತು ಮೀಟರಿನ ನೇರ ಸುರಂಗದಲ್ಲಿ ಗಾಳಿ ಕೆಡುವುದು ಅಪರೂಪ. ತಿರುವುಗಳಿರುವ, ಕವಲೊಡೆದ, ಒಳಗೆ ಬಾವಿಯಂತೆ ಕೆಳಕ್ಕಿಳಿದ, ವರ್ಷಗಟ್ಟಲೆ ಯಾರೂ ಹೋಗದ ಸುರಂಗಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ದೀಪದ ಪರೀಕ್ಷೆಯನ್ನು ಜನ ಅರ್ಥಮಾಡಿಕೊಂಡಿರುವುದು ತಲೆಕೆಳಗಾಗಿ. ದೀಪ ಆರಿದರೆ ಓಡಬೇಕು, ಅದು ನಿಜ. ಆದರೆ ಆರದಿದ್ದರೆ ಗಾಳಿ ಒಳ್ಳೆಯದು ಎಂದಲ್ಲ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. ಮೇಣದ ಬತ್ತಿ ಸುಮಾರು ಶೇ. 16-17ಕ್ಕೆ ಇಳಿಯುವವರೆಗೂ ಉರಿಯುತ್ತಲೇ ಇರುತ್ತದೆ. ನಮ್ಮ ಗಣಿ ನಿಯಮಗಳ ಪ್ರಕಾರ ಕೆಲಸದ ಜಾಗದಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕಡಿಮೆಯಾಗಬಾರದು, ಇಂಗಾಲದ ಡೈಆಕ್ಸೈಡ್ ಶೇ. 0.5 ದಾಟಬಾರದು. ಈ ಮಿತಿಯಿಂದ ದೀಪ ಆರುವ ಮಟ್ಟದವರೆಗಿನ ಅಂತರದಲ್ಲಿ ದೀಪ ಉರಿಯುತ್ತಿರುವಾಗಲೇ ಮನುಷ್ಯನಿಗೆ ತಲೆಭಾರ, ಏದುಸಿರು ಶುರುವಾಗಿರುತ್ತದೆ. ಮಾವನವರಂಥವರಿಗೆ ಇನ್ನೂ ಬೇಗ. ಮೇಲಾಗಿ ಉರಿಯುವ ದೀಪ ಇರುವ ಆಮ್ಲಜನಕವನ್ನೂ ತಿನ್ನುತ್ತದೆ. ಎಲ್‌ಇಡಿ ಹೆಡ್‌ಲ್ಯಾಂಪ್ ಒಯ್ಯಿರಿ. ಯಾರಾದರೂ ಗ್ಯಾಸ್ ಮೀಟರ್ ತಂದರೆ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಸಿಗುವ ನಾಲ್ಕು ಅನಿಲದ ಮೀಟರ್ ಇಂಗಾಲದ ಡೈಆಕ್ಸೈಡನ್ನು ಅಳೆಯುವುದಿಲ್ಲ. ಅದರಲ್ಲಿ ಆಮ್ಲಜನಕದ ಅಂಕಿಯನ್ನೇ ನೋಡಬೇಕು. ಮಣ್ಣಿನ ಉಸಿರಾಟದಿಂದ ಆಮ್ಲಜನಕ ಎಷ್ಟು ಇಳಿದಿದೆಯೋ ಸುಮಾರು ಅಷ್ಟೇ ಡೈಆಕ್ಸೈಡ್ ಏರಿರುತ್ತದೆ. ಅಂಕಿ 20.4ಕ್ಕೆ ಬಂದರೆ ಹಿಂದಿರುಗುವ ಹೊತ್ತಾಯಿತು.

ಪ್ರಾಣ ತೆಗೆಯುವ ಇನ್ನೊಂದು ಗಾಳಿಯಿದೆ, ಅದು ಮನುಷ್ಯ ಒಳಗೆ ಒಯ್ದದ್ದು. ಸುರಂಗದೊಳಗೆ ಅಥವಾ ಬಾಯಿಯಲ್ಲಿ ಪೆಟ್ರೋಲ್, ಡೀಸೆಲ್ ಪಂಪ್ ಓಡಿಸಿದರೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ದೀಪವೂ ಆರುವುದಿಲ್ಲ. ಆ ದಿನ ಅಲ್ಲಿ ಪಂಪ್ ಓಡಿತ್ತೇ ಎಂದು ಕೇಳಿ ತಿಳಿದುಕೊಳ್ಳಿ. ಓಡಿದ್ದರೆ ಒಳಗೆ ಹೋಗುವುದು ಬೇಡ.

ಮಾವನವರಿಗೆ ಬೇಡ ಎನ್ನಲು ಗಾಳಿಗಿಂತ ದೊಡ್ಡ ಕಾರಣ ಆ ಎರಡಡಿ ಅಗಲ. ಒಳಗೆ ಯಾರಿಗಾದರೂ ಉಸಿರು ಕಟ್ಟಿದರೆ, ಕಾಲು ಉಳುಕಿದರೆ, ಪಕ್ಕದಲ್ಲಿ ನಿಂತು ಎತ್ತಿಕೊಳ್ಳಲು ಜಾಗವಿಲ್ಲ. ಪ್ರಜ್ಞೆ ತಪ್ಪಿದ ಅರುವತ್ತು ಎಪ್ಪತ್ತು ಕಿಲೊ ದೇಹವನ್ನು ಒಬ್ಬರೇ ಹಿಂದಕ್ಕೆ ಎಳೆಯಬೇಕು, ಅದೂ ಜಾರುವ ನೆಲದಲ್ಲಿ. ಜೊತೆಗೆ, ಗುಹೆಯೆಂದರೆ ತಂಪು ಎಂದು ನೀವು ಎಣಿಸಿದ್ದರೆ ಅದೂ ಇಲ್ಲಿ ಸಲ್ಲದು. ನೆಲದೊಳಗಿನ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಗೆ ಹತ್ತಿರವಿರುತ್ತದೆ, ಕಾಸರಗೋಡಿನಲ್ಲಿ ಅದು 27 ಡಿಗ್ರಿಯ ಆಸುಪಾಸು. ಗಾಳಿ ತೇವದಿಂದ ತುಂಬಿರುತ್ತದೆ, ಬೆವರು ಆರುವುದಿಲ್ಲ. ಮೂರ್ನಾಡಿನ ಜನವರಿ ಚಳಿಯಿಂದ ಬಂದವರಿಗೆ ಒಳಹೊಕ್ಕ ಕೂಡಲೇ ಉಸಿರು ಬಿಗಿದಂತೆ ಅನಿಸುತ್ತದೆ. ಅವರನ್ನು ತೊಟ್ಟಿಯ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸಿ, ನೀರು ಹೊರಬರುವುದನ್ನು ನೋಡಲಿ, ಕುಡಿಯಲಿ. ಅಲ್ಲಿನ ಹಿರಿಯರು ಯಾರಾದರೂ ಸಿಕ್ಕರೆ ಸುರಂಗದ ಕಥೆಯನ್ನೆಲ್ಲ ಮಾವನವರೇ ಮೊದಲು ಕೇಳಿರುತ್ತಾರೆ. ಇನ್ಹೇಲರ್ ಅವರ ಜೇಬಿನಲ್ಲಿರಲಿ, ಕಾರಿನಲ್ಲಲ್ಲ.

ಒಳಹೋಗುವವರು ಮೂವರಿಗಿಂತ ಹೆಚ್ಚಿರಬಾರದು. ಮುಂದೆ ಆ ಮನೆಯವರಲ್ಲಿ ವರ್ಷವೂ ಹೂಳು ತೆಗೆಯಲು ಒಳಗೆ ಹೋಗುವವರು, ನಡುವೆ ಮಗ, ಹಿಂದೆ ನಿಮ್ಮ ಯಜಮಾನರು. ಬಾಯಿಯಲ್ಲಿ ಒಬ್ಬರು ನಿಂತೇ ಇರಬೇಕು. ಹಿಂದಿರುಗಿ ನೋಡಿದರೆ ಹೊರಗಿನ ಬೆಳಕು ಕಾಣುವವರೆಗೆ ಮಾತ್ರ ಹೋಗಿ, ಒಟ್ಟು ಹದಿನೈದು ನಿಮಿಷದೊಳಗೆ ಹೊರಬನ್ನಿ. ತಲೆಗೆ ಹೆಲ್ಮೆಟ್ ಬೇಕು, ಸೈಕಲ್ಲಿನದ್ದಾದರೂ ಆದೀತು. ಕಾಲಿಗೆ ತೋಟದ ಗಂಬೂಟು. ಪ್ರತಿಯೊಬ್ಬರಿಗೂ ಒಂದು ಹೆಡ್‌ಲ್ಯಾಂಪ್, ಹೆಚ್ಚುವರಿ ಒಂದು ಟಾರ್ಚ್. ಮೊಬೈಲಿನ ಬೆಳಕನ್ನು ನಂಬಬೇಡಿ, ಒಂದು ಕೈ ಅದಕ್ಕೇ ಮೀಸಲಾಗುತ್ತದೆ. ಗೋಡೆ ಕೆದಕಬಾರದು, ಕಿರುಚಿ ಪ್ರತಿಧ್ವನಿ ಕೇಳುವ ಆಟ ಬೇಡ. ಮುಂದಿನವರು ಬಿದ್ದರೆ ಹಿಂದಿನವರು ಎತ್ತಲು ನುಗ್ಗಬಾರದು. ಇಕ್ಕಟ್ಟಾದ ಜಾಗಗಳ ಅವಘಡಗಳಲ್ಲಿ ಸಾಯುವವರಲ್ಲಿ ಬಹಳಷ್ಟು ಮಂದಿ ರಕ್ಷಿಸಲು ಹೋದವರೇ. ಹೊರಗೆ ಬಂದು 112ಕ್ಕೆ ಫೋನ್ ಮಾಡುವುದೇ ನೆರವು.

ನಿಪಾ ವೈರಸ್ಸನ್ನು ಮುಖ್ಯವಾಗಿ ಹೊತ್ತಿರುವುದು ಮರಗಳಲ್ಲಿ ನೇತಾಡುವ, ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ಸುರಂಗದಲ್ಲಿ ಹೆಚ್ಚಾಗಿ ಸಿಗುವುದು ಹುಳು ತಿನ್ನುವ ಪುಟ್ಟ ಬಾವಲಿಗಳು. ಆದರೆ ಗುಹೆಯಲ್ಲಿ ಬೀಡುಬಿಡುವ ಒಂದು ಜಾತಿಯ ಹಣ್ಣುಬಾವಲಿಯಲ್ಲೂ ಆ ವೈರಸ್ಸಿನ ಕುರುಹು ಸಿಕ್ಕಿದೆ. ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕೂ ತಗಲಬಹುದು. ಬಾವಲಿಗಳ ಗುಂಪು ಕಂಡರೆ ಬೆಳಕು ಬಿಡದೆ ಹಿಂದಿರುಗಿ, ಅವುಗಳಿಗೂ ಅದು ಮನೆ.

ಇನ್ನು ಪಣೆ. ಮೇಲಿನಿಂದ ನೋಡಿದರೆ ಸ್ಕೇಲಿಟ್ಟು ಕತ್ತರಿಸಿದಂಥ ಗೋಡೆಗಳು, ಮೆಟ್ಟಿಲು ಮೆಟ್ಟಿಲಾದ ಕೆಂಪು ಹೊಂಡ, ನೋಡಲು ಬಹಳ ಚೆಂದ. ಭಾರತೀಯ ಮಾನಕ 3620ರ ಒಂದು ಅಳತೆಯ ಕಲ್ಲು 390 ಮಿ.ಮೀ. ಉದ್ದ, 190 ಮಿ.ಮೀ. ಅಗಲ, 190 ಮಿ.ಮೀ. ಎತ್ತರ. ತೂಕ ಸುಮಾರು 30 ಕಿಲೊ. ಒಂದನ್ನು ಎತ್ತಿ ನೋಡಲು ಮಗನಿಗೆ ಹೇಳಿ, ಹೊರುವವರ ದುಡಿಮೆ ಏನೆಂದು ತಿಳಿಯುತ್ತದೆ. ಅಪಾಯ ಇರುವುದು ಅಂಚಿನಲ್ಲಿ. ಮೊರಂ, ಜೇಡಿಯಂಥ ಮೆದುನೆಲದ ತೆರೆದ ಗಣಿಯಲ್ಲಿ ಬದಿಯನ್ನು 45 ಡಿಗ್ರಿಗೆ ಇಳಿಸಬೇಕು, ಇಲ್ಲವೇ ಮೆಟ್ಟಿಲು 1.5 ಮೀಟರಿಗಿಂತ ಎತ್ತರವಿರಬಾರದು ಎಂದು ನಿಯಮವಿದೆ. ಕೆಂಪುಕಲ್ಲಿನ ಪಣೆಯಲ್ಲಿ ಇಡೀ ಗೋಡೆ ಲಂಬವಾಗಿ ನಿಂತಿರುವುದುಂಟು, ಮೇಲಂಚಿನ ಹುಲ್ಲಿನಡಿ ಬಿರುಕು ಅಡಗಿರುವುದುಂಟು. ಹೊಂಡ ಎಷ್ಟು ಆಳವೋ ಅಂಚಿನಿಂದ ಅಷ್ಟು ದೂರ ನಿಲ್ಲಿ. ಕೆಳಗಿನಿಂದ ನೋಡುವುದಾದರೆ ಗೋಡೆಯಿಂದಲೂ ಅದೇ ಲೆಕ್ಕ. ಯಂತ್ರದ ಬ್ಲೇಡ್ ತಿರುಗುತ್ತಿರುವಾಗ ಚೂರುಗಳು ಸಿಡಿಯುತ್ತವೆ, ಮಾವನವರಿಗೆ ಆ ಧೂಳೂ ಆಗದು. ಕೆಲಸ ನಿಂತ ಭಾನುವಾರ, ಪಣೆ ನಡೆಸುವವರ ಒಪ್ಪಿಗೆ ಪಡೆದು, ಅವರ ಕಡೆಯ ಒಬ್ಬರೊಂದಿಗೆ ಹೋಗಿ.

ಕೆಲಸ ಮುಗಿದು ಕೈಬಿಟ್ಟ ಪಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಮಳೆನೀರು ತುಂಬಿ ಹಸಿರು ಕೆರೆಯಂತೆ ಕಾಣುತ್ತದೆ, ಮಕ್ಕಳಿಗೆ ಈಜಬೇಕೆನಿಸುತ್ತದೆ. ಕೆರೆಗೆ ಇಳಿಜಾರಿನ ದಡವಿರುತ್ತದೆ, ಇದಕ್ಕಿಲ್ಲ. ಕಾಲಿಟ್ಟರೆ ನೇರ ಆಳ, ಹತ್ತಲು ಹಿಡಿತವಿಲ್ಲದ ಪಾಚಿಗೋಡೆ. ಈ ಕರಾವಳಿಯ ಇಂಥ ಹೊಂಡಗಳಲ್ಲಿ ಮಕ್ಕಳು, ಈಜು ಬಲ್ಲವರೂ ಮುಳುಗಿದ್ದಾರೆ.

ದಿನದ ಲೆಕ್ಕ ಹೀಗೆ ಹಾಕಿ. ಸುರಂಗ ಮೊದಲು, ಸಮುದ್ರ ಕೊನೆಗೆ. ದಣಿದ ಮೇಲೆ, ಕತ್ತಲಾಗುವ ಹೊತ್ತಿಗೆ ನೆಲದೊಳಗೆ ಹೋಗಬಾರದು. ಮೂರ್ನಾಡಿನಿಂದ ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು, ಮುಳ್ಳೇರಿಯ ದಾರಿಯಲ್ಲಿ ಬದಿಯಡ್ಕ ನೂರು ಕಿ.ಮೀ.ಗೆ ಮೇಲಾಗುತ್ತದೆ. ಘಾಟಿ, ತಿಂಡಿ ಸೇರಿ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಐದೂವರೆಗೆ ಹೊರಟರೆ ಒಂಬತ್ತಕ್ಕೆ ತೋಟದಲ್ಲಿರುತ್ತೀರಿ. ಹನ್ನೊಂದೂವರೆಗೆ ಸುರಂಗ, ಪಣೆ ಎರಡೂ ಮುಗಿಸಿ, ಊಟ ಮಾಡಿ, ಮಾವನವರಿಗೆ ಒಂದು ಗಂಟೆ ಮಲಗಲು ಬಿಡಿ. ಬೇಕಲಕ್ಕೆ ಮೂರೂವರೆಗೆ ಮುಟ್ಟಿದರೆ ಸಾಕು. ಸುಮಾರು 40 ಎಕರೆಯ ಆ ಕೋಟೆಯಲ್ಲಿ ನೆರಳು ಕಡಿಮೆ, ಮಧ್ಯಾಹ್ನದ ಬಿಸಿಲು ಅವರಿಗೆ ತಡೆಯದು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅದು (ಕೊಡಗನ್ನಾಳಿದ ಹಾಲೇರಿ ಅರಸರ ಮೂಲವನ್ನೂ ಅದೇ ಕೆಳದಿ ಮನೆತನಕ್ಕೆ ಜೋಡಿಸುವುದು ವಾಡಿಕೆ). ಬೆಳಿಗ್ಗೆ ಪಣೆಯಲ್ಲಿ ನೋಡಿದ ಅದೇ ಕಲ್ಲು ಇಲ್ಲಿ ಉಪ್ಪುಗಾಳಿಗೆ ಮುನ್ನೂರೈವತ್ತು ವರ್ಷ ಮೈಯೊಡ್ಡಿ ಹೇಗೆ ತೂತುತೂತಾಗಿದೆ, ಆದರೂ ಹೇಗೆ ನಿಂತಿದೆ ಎಂದು ಮಗನಿಗೆ ತೋರಿಸಿ. ಒಣಗಿದ ಕಲ್ಲಿಗೂ ಒದ್ದೆ ಕಲ್ಲಿಗೂ ಇರುವ ವ್ಯತ್ಯಾಸವನ್ನು ಒಂದೇ ದಿನದಲ್ಲಿ ನೋಡಿದಂತಾಗುತ್ತದೆ. ಸಮುದ್ರದಲ್ಲಿ ಮೊಣಕಾಲಿನ ಮೇಲೆ ನೀರು ಬೇಡ, ಜೀವರಕ್ಷಕರಿಲ್ಲದ ಕಡೆ ಇಳಿಯಲೂ ಬೇಡ.

ಸೂರ್ಯಾಸ್ತ ನೋಡಿ ಹೊರಟರೆ ಮನೆ ಸೇರುವಾಗ ಹತ್ತು ದಾಟುತ್ತದೆ. ಚಾಲಕರು ಒಬ್ಬರೇ ಆಗಿದ್ದರೆ ಇದು ಒಳ್ಳೆಯದಲ್ಲ. ಕಾಸರಗೋಡು ಅಥವಾ ಕಾಞಂಗಾಡಿನಲ್ಲಿ ಒಂದು ರಾತ್ರಿ ಉಳಿಯುವುದು ನನ್ನ ಮೊದಲ ಆಯ್ಕೆ. ಅದಾಗದಿದ್ದರೆ ಪಣೆಯನ್ನು ಬಿಟ್ಟುಬಿಡಿ, ಐದು ಗಂಟೆಗೇ ಬೇಕಲದಿಂದ ಹೊರಡಿ. ಪಾಣತ್ತೂರು–ಕರಿಕೆ–ಭಾಗಮಂಡಲದ ದಾರಿ ನಕ್ಷೆಯಲ್ಲಿ ಹತ್ತಿರ ಕಂಡರೂ ರಾತ್ರಿ ಬೇಡ. ಕಿರಿದಾದ ಕಾಡಿನ ರಸ್ತೆ, ಆನೆಯ ಓಡಾಟ, ಕೆಟ್ಟು ನಿಂತರೆ ನೆರವು ದೂರ. ಬಂದ ಸಂಪಾಜೆ ದಾರಿಯಲ್ಲೇ ಹಿಂದಿರುಗಿ.

ಕೊನೆಯದು ಯಜಮಾನರ ಪ್ರಶ್ನೆ. ನಿಮ್ಮ ತೋಟದಲ್ಲಿ ಸುರಂಗ ತೋಡಿಸಬೇಡಿ. ಕೊಡಗಿನ ಬಹುಪಾಲು ಇಳಿಜಾರುಗಳಲ್ಲಿ ಆಳವಾದ ಕೆಂಪು ಮಣ್ಣಿದೆ, ಸುರಂಗದ ಛಾವಣಿಯಾಗಿ ನಿಲ್ಲುವ ಗಟ್ಟಿ ಕೆಂಪುಕಲ್ಲಿನ ಪದರ ಇಲ್ಲ. ಇಳಿಜಾರಿನ ಬುಡವನ್ನು ಕಡಿದದ್ದು 2018ರ ಕುಸಿತಗಳಿಗೆ ಒಂದು ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ, ಸುರಂಗವೂ ಬುಡ ಕಡಿಯುವ ಕೆಲಸವೇ. ತೋಟದ ಬರೆಯ ಬುಡದಲ್ಲಿ ಬೇಸಿಗೆಯಲ್ಲೂ ಜಿನುಗುವ ನೀರಿದ್ದರೆ, ಬರೆಗೆ ಗುದ್ದಲಿ ತಾಗಿಸದೆ, ನೀರು ತಾನಾಗಿ ಹೊರಬರುವ ಜಾಗದಿಂದ ಕೆಳಗೆ ಒಂದು ಸಣ್ಣ ತೊಟ್ಟಿ ಕಟ್ಟಿ ಪೈಪಿನಲ್ಲಿ ಇಳಿಸಿಕೊಳ್ಳಿ. ಮಾರ್ಚ್ ತಿಂಗಳಲ್ಲಿ ಒಂದು ಬಕೆಟ್ ತುಂಬಲು ಎಷ್ಟು ನಿಮಿಷ ಬೇಕು ಎಂದು ಮೊದಲು ಅಳೆದು, ತೊಟ್ಟಿಯ ಗಾತ್ರವನ್ನು ಅದರ ಮೇಲೆ ನಿರ್ಧರಿಸಿ.